ಮೊದಲ ಮನೆಗೆ ಎಂತದೂ ಇಲ್ಲ ಮಾರಾಯ್ರೆ

ಜನವರಿ ಬಂತೆಂದರೆ ಎಚ್‌ಆರ್‌ನಿಂದ ಮೇಲ್ ಬರುತ್ತದೆ, ಟ್ಯಾಕ್ಸ್ ಪ್ರೂಫ್ ಅಪ್‌ಲೋಡ್ ಮಾಡಿ ಅಂತ. ಅದರ ಬೆನ್ನಿಗೇ ಕ್ಯಾಂಟೀನಿನಲ್ಲಿ ಒಂದು ಉಪದೇಶ ಶುರುವಾಗುತ್ತದೆ: "ಇನ್ನೂ ಬಾಡಿಗೆ ಮನೆಯಾ? ಒಂದು ಫ್ಲ್ಯಾಟ್ ತೆಗೊಳ್ಳಿ ಮಾರಾಯ್ರೆ, ಟ್ಯಾಕ್ಸ್ ಆದ್ರೂ ಉಳೀತದೆ." ಹೇಳುವವರು ಸಾಮಾನ್ಯವಾಗಿ ಹತ್ತು ವರ್ಷದ ಹಿಂದೆ ಫ್ಲ್ಯಾಟ್ ತೆಗೆದುಕೊಂಡ ಸೀನಿಯರ್. ಇದೇ ಮಾತನ್ನು ಬಿಲ್ಡರಿನ ಸೇಲ್ಸ್ ಹುಡುಗ ಬ್ರೋಷರ್ ಹಿಡಿದುಕೊಂಡು ಹೇಳುತ್ತಾನೆ. ಇಬ್ಬರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಅವರು ಹೇಳುತ್ತಿರುವುದು ಹಳೇ ಸುದ್ದಿ, ಮತ್ತು ಆ ಹಳೇ ಸುದ್ದಿಯನ್ನು ನಂಬಿ ನಮ್ಮ ವಯಸ್ಸಿನವರು ಇಪ್ಪತ್ತು ವರ್ಷದ ಸಾಲಕ್ಕೆ ಸೈನ್ ಹಾಕುತ್ತಿದ್ದಾರೆ.

ಒಂದು ಕಾಲದಲ್ಲಿ ಅದು ಸತ್ಯವೇ ಆಗಿತ್ತು. ಸೆಕ್ಷನ್ 24(ಬಿ) ಪ್ರಕಾರ ನಾವೇ ವಾಸ ಮಾಡುವ ಮನೆಯ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಆದಾಯದಿಂದ ಕಳೆಯಬಹುದಿತ್ತು. ಅಸಲು ಕಟ್ಟಿದ್ದನ್ನು 80ಸಿಯ ಒಂದೂವರೆ ಲಕ್ಷದೊಳಗೆ ತೋರಿಸಬಹುದಿತ್ತು. ಮೊದಲ ಮನೆಯವರಿಗೆಂದೇ ಅದರ ಮೇಲೆ ಇನ್ನಷ್ಟು ಬಂತು. 2016-17ರಲ್ಲಿ ಮಂಜೂರಾದ ಸಾಲಕ್ಕೆ 80ಇಇ ಅಡಿ 50 ಸಾವಿರ. 2019ರ ಬಜೆಟ್ಟಿನಲ್ಲಿ 80ಇಇಎ ಬಂತು, 45 ಲಕ್ಷದೊಳಗಿನ ಮನೆಗೆ ಬಡ್ಡಿಯಲ್ಲಿ ಇನ್ನೂ ಒಂದೂವರೆ ಲಕ್ಷ. ಅದರ ಅವಧಿಯನ್ನು ಎರಡು ಸಲ ವಿಸ್ತರಿಸಿ, 2022ರ ಮಾರ್ಚ್ 31ಕ್ಕೆ ಬಾಗಿಲು ಹಾಕಿದರು. ಅದರ ನಂತರ ಸಾಲ ಮಾಡಿದವರಿಗೆ ಮೊದಲ ಮನೆ ಎಂಬ ಹೆಸರಿನ ಒಂದೇ ಒಂದು ತೆರಿಗೆ ಕಡಿತವೂ ಇಲ್ಲ.

ಉಳಿದದ್ದನ್ನು ಹೊಸ ರೆಜೀಮ್ ಮುಗಿಸಿತು. 2023-24ರಿಂದ ಅದೇ ಡಿಫಾಲ್ಟ್. ಅದರಲ್ಲಿ 80ಸಿ ಇಲ್ಲ, ಸ್ವಂತ ವಾಸದ ಮನೆಯ ಬಡ್ಡಿಗೂ ಎಂತದೂ ಇಲ್ಲ.

"ಹಳೆ ರೆಜೀಮ್ ಇನ್ನೂ ಉಂಟಲ್ಲ, ಬೇಕಾದವರು ಅದಕ್ಕೆ ಹೋಗಲಿ" ಎನ್ನುವವರು ಒಂದು ಸಲ ಎಕ್ಸೆಲ್ ತೆರೆಯಬೇಕು. ವರ್ಷಕ್ಕೆ 18 ಲಕ್ಷ ಸಂಬಳದ ಒಬ್ಬ ಇಂಜಿನಿಯರ್ ಅಂತ ಇಟ್ಟುಕೊಳ್ಳುವ. 2025-26ರ ಹೊಸ ರೆಜೀಮ್‌ನಲ್ಲಿ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಸೆಸ್ ಸೇರಿಸಿದರೆ ತೆರಿಗೆ 1,50,800 ರೂಪಾಯಿ. ಅದೇ ಮನುಷ್ಯ ಹಳೆ ರೆಜೀಮ್‌ಗೆ ಹೋಗಿ 50 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್, 80ಸಿಯ ಒಂದೂವರೆ ಲಕ್ಷ, ಬಡ್ಡಿಯ 2 ಲಕ್ಷ, ಆರೋಗ್ಯ ವಿಮೆಯ 25 ಸಾವಿರ ಎಲ್ಲ ಕಳೆದರೂ 2,34,000 ಕಟ್ಟಬೇಕು. ಅವನ ಸಾಲ 2022ರ ಮೊದಲಿನದ್ದು, 80ಇಇಎಯ ಒಂದೂವರೆ ಲಕ್ಷವೂ ಪೂರ್ತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ (45 ಲಕ್ಷದೊಳಗಿನ ಮನೆಗೆ ಅಷ್ಟು ಬಡ್ಡಿ ಕಟ್ಟುವವರು ಕಡಿಮೆ, ಇರಲಿ). ಆಗಲೂ 1,87,200. ಸರ್ಕಾರ ಕೊಟ್ಟ ಅಷ್ಟೂ ವಿನಾಯಿತಿಯನ್ನು ಬಳಸಿಕೊಂಡವನಿಗೆ ಏನನ್ನೂ ಬಳಸದವನಿಗಿಂತ 36,400 ರೂಪಾಯಿ ಜಾಸ್ತಿ ತೆರಿಗೆ! ಹಾಗಾಗಿ ಅವನೂ ಹೊಸ ರೆಜೀಮ್‌ಗೇ ಬರುತ್ತಾನೆ. ಮನೆ ಸಾಲ ಇದ್ದರೂ 1,50,800, ಇಲ್ಲದಿದ್ದರೂ 1,50,800. ಫ್ಲ್ಯಾಟಿನಿಂದ ಉಳಿದ ಟ್ಯಾಕ್ಸ್ ಸೊನ್ನೆ.

ಹಳೆ ರೆಜೀಮ್ ಅನ್ನು ಯಾರೂ ರದ್ದು ಮಾಡಲಿಲ್ಲ, ರಿಪೇರಿ ಮಾಡುವುದನ್ನು ನಿಲ್ಲಿಸಿದರು ಅಷ್ಟೆ. ತೆರಿಗೆ ಇಲ್ಲದ ಆದಾಯದ ಮಿತಿ ಅಲ್ಲಿ 2014ರಿಂದ ಎರಡೂವರೆ ಲಕ್ಷದಲ್ಲೇ ನಿಂತಿದೆ. 30 ಪರ್ಸೆಂಟ್ ಶುರುವಾಗುವ 10 ಲಕ್ಷದ ಗೆರೆ 2012ರದ್ದು. ಬಡ್ಡಿಯ 2 ಲಕ್ಷದ ಮಿತಿಯೂ 2014ರದ್ದೇ. ಊರಲ್ಲಿ ಪಾಲಾಗದ ಹಳೆ ಮನೆಯನ್ನು ಹೀಗೆಯೇ ಬಿಡುತ್ತಾರೆ. ಯಾರೂ ಕೆಡವುವುದಿಲ್ಲ, ಹಂಚು ಬದಲಿಸುವುದೂ ಇಲ್ಲ, ನಾಲ್ಕು ಮಳೆಗಾಲದಲ್ಲಿ ಅದೇ ಬೀಳುತ್ತದೆ.

ಕೊಡುವುದು ಇಲ್ಲ ಎಂದ ಮೇಲೆ ತೆಗೆದುಕೊಳ್ಳುವುದನ್ನೂ ನೋಡಿ. 60 ಲಕ್ಷದ ಫ್ಲ್ಯಾಟ್, ಇನ್ನೂ ಕಟ್ಟುತ್ತಿರುವಂಥದ್ದು. ಜಿಎಸ್‌ಟಿ 5 ಪರ್ಸೆಂಟ್, ಅಂದರೆ 3 ಲಕ್ಷ. ಸ್ಟ್ಯಾಂಪ್ ಡ್ಯೂಟಿ ಸೆಸ್-ಸರ್‌ಚಾರ್ಜ್ ಸೇರಿ 5.6 ಪರ್ಸೆಂಟ್, 3.36 ಲಕ್ಷ. ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ ಕೊನೆಗೆ 1ರಿಂದ 2 ಪರ್ಸೆಂಟಿಗೆ ಏರಿಸಿದೆ, ಅದು 1.20 ಲಕ್ಷ. ಒಟ್ಟು 7.56 ಲಕ್ಷ. ಬಾಗಿಲಿಗೆ ತೋರಣ ಕಟ್ಟುವ ಮೊದಲೇ. ಇದು ಮೊದಲನೇ ಮನೆಯಾ, ಐದನೆಯದ್ದಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಹತ್ತನೇ ಫ್ಲ್ಯಾಟ್ ಕೊಳ್ಳುವವನಿಗೂ ಅದೇ ರೇಟು, ಪಿಎಫ್ ಒಡೆದು ಅಮ್ಮನ ಬಂಗಾರ ಅಡವಿಟ್ಟು ಬಂದವನಿಗೂ ಅದೇ ರೇಟು.

ನನಗೆ ನಿಜವಾಗಿ ಉರಿಯುವುದು ಮುಂದಿನ ಸಂಗತಿಗೆ. ಇದೇ ಹೊಸ ರೆಜೀಮ್‌ನಲ್ಲಿ ಮನೆಯನ್ನು ಬಾಡಿಗೆಗೆ ಕೊಟ್ಟರೆ ಬಡ್ಡಿ ಕಳೆಯಬಹುದು! ಬಿಕರ್ನಕಟ್ಟೆಯಲ್ಲಿ ಸ್ವಂತ ಮನೆ ಇರುವ ಒಬ್ಬರು ಕಾವೂರಿನಲ್ಲಿ 50 ಲಕ್ಷ ಸಾಲ ಮಾಡಿ ಇನ್ನೊಂದು ಫ್ಲ್ಯಾಟ್ ತೆಗೆದುಕೊಂಡು ತಿಂಗಳಿಗೆ 20 ಸಾವಿರಕ್ಕೆ ಬಾಡಿಗೆಗೆ ಕೊಟ್ಟರು ಅನ್ನಿ. ವರ್ಷದ ಬಾಡಿಗೆ 2.40 ಲಕ್ಷ. ಅದರಲ್ಲಿ 30 ಪರ್ಸೆಂಟ್ ಯಾವ ಬಿಲ್ಲೂ ಇಲ್ಲದೆ ಕಳೆಯಬಹುದು. ಉಳಿದ 1.68 ಲಕ್ಷವನ್ನು ಬಡ್ಡಿ ನುಂಗುತ್ತದೆ, ಯಾಕೆಂದರೆ ಎಂಟೂವರೆ ಪರ್ಸೆಂಟಿನಲ್ಲಿ ಮೊದಲ ವರ್ಷದ ಬಡ್ಡಿಯೇ ನಾಲ್ಕು ಲಕ್ಷ ದಾಟುತ್ತದೆ. ಬಾಡಿಗೆಯ ಮೇಲೆ ತೆರಿಗೆ ಸೊನ್ನೆ. ಆ ಫ್ಲ್ಯಾಟಿನಲ್ಲಿ ಬಾಡಿಗೆಗೆ ಕೂತವನು ಪಕ್ಕದ ಫ್ಲ್ಯಾಟನ್ನು ಅಷ್ಟೇ ಸಾಲಕ್ಕೆ ಕೊಂಡು ವಾಸ ಮಾಡಿದರೆ ಅವನ ಬಡ್ಡಿಗೆ ಒಂದು ರೂಪಾಯಿಯೂ ಇಲ್ಲ.

ಇದಕ್ಕೆ ನಮ್ಮ ಸಿಎ ಮಿತ್ರರ ಉತ್ತರ ರೆಡಿ ಉಂಟು: ಬಾಡಿಗೆ ಎಂದರೆ ಆದಾಯ, ಆದಾಯ ತೋರಿಸಿದವನಿಗೆ ಅದರ ಖರ್ಚು ಕಳೆಯಲು ಬಿಡಬೇಕು; ಸ್ವಂತ ವಾಸದ ಮನೆಯಿಂದ ಆದಾಯವನ್ನೇ ಲೆಕ್ಕ ಹಿಡಿಯುವುದಿಲ್ಲ, ಹಾಗಾಗಿ ಖರ್ಚೂ ಇಲ್ಲ. ಪುಸ್ತಕದ ಪ್ರಕಾರ ಸರಿ. ಹೊಸ ರೆಜೀಮ್‌ನಲ್ಲಿ ಬಾಡಿಗೆಯ ನಷ್ಟವನ್ನು ಸಂಬಳದಿಂದ ಕಳೆಯಲು ಬಿಡುವುದಿಲ್ಲ, ಅದನ್ನೂ ಒಪ್ಪುತ್ತೇನೆ. ಆದರೆ ಈ ತರ್ಕ ದಶಕಗಳ ಕಾಲ ಎಲ್ಲಿ ಮಲಗಿತ್ತು? ಸ್ವಂತ ಮನೆಗೆ ಬಡ್ಡಿ ಕಡಿತ ಕೊಡುತ್ತೇವೆ, ಸಾಲ ಮಾಡಿ ಅಂತ ಕರೆದದ್ದು ಇದೇ ಸರ್ಕಾರಗಳು. ಸಾಲದ ಕರಾರು ಇಪ್ಪತ್ತು ವರ್ಷದ್ದು. ನಡುವೆ ಹೊರಬರಲು ನಮಗೆ ಆಗುವುದಿಲ್ಲ, ಸರ್ಕಾರಕ್ಕೆ ಆಗುತ್ತದೆ.

ಮತ್ತೆ ಆ ತರ್ಕ ಎಲ್ಲರಿಗೂ ಒಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಎರಡು ಮನೆ ಇದ್ದವರು ಎರಡನ್ನೂ ಸ್ವಂತ ವಾಸದ್ದು ಎಂದು ತೋರಿಸಿ ಆದಾಯ ಸೊನ್ನೆ ಎನ್ನಬಹುದು, 2025ರ ಬಜೆಟ್ ಅದನ್ನು ಇನ್ನೂ ಸಲೀಸು ಮಾಡಿತು. ಸೆಕ್ಷನ್ 54ಎಫ್ ನೋಡಿ. ಸುರತ್ಕಲ್ ಕಡೆಯ ಸೈಟೋ, ಷೇರೋ ಮಾರಿ ದೊಡ್ಡ ಲಾಭ ಬಂದರೆ, ಆ ಹಣದಲ್ಲಿ ಮನೆ ಕೊಂಡರೆ ಲಾಭದ ಮೇಲೆ ತೆರಿಗೆ ಇಲ್ಲ. ಮಿತಿ ಎಷ್ಟು? 10 ಕೋಟಿ. ಅದನ್ನು ಹೊಸ ರೆಜೀಮ್ ಮುಟ್ಟಿಲ್ಲ. ಅಲ್ಲಿ ಆಗಲೇ ಒಂದು ಮನೆ ಇದ್ದರೂ ಅಡ್ಡಿಯಿಲ್ಲ. ಬಾಗಿಲು ಮುಚ್ಚಿದ ನಮ್ಮ 80ಇಇಎಗೆ ಮಾತ್ರ ಸಾಲ ಮಂಜೂರಾದ ದಿನ ಹೆಸರಲ್ಲಿ ಒಂದೂ ಮನೆ ಇರಬಾರದಿತ್ತು.

ಈ "ಒಂದೂ ಮನೆ ಇರಬಾರದು" ಎಂಬುದು ನಗರದಲ್ಲಿ ಹುಟ್ಟಿದವರಿಗೆ ಸಣ್ಣ ಷರತ್ತು. ನನ್ನ ಊರು ಬೆಳ್ತಂಗಡಿ ತಾಲೂಕಿನ ಒಳಗೆ, ಅಡಿಕೆ ತೋಟದ ನಡುವಿನ ಮನೆ. ಅಂಥ ಮನೆಗಳಲ್ಲಿ ಅಜ್ಜ ಹೋದ ಮೇಲೆ, ಅಪ್ಪ ಹೋದ ಮೇಲೆ ಎಲ್ಲ ಮಕ್ಕಳ ಹೆಸರೂ ದಾಖಲೆಗೆ ಸೇರುತ್ತದೆ. ಆರು ಜನರ ಪಾಲಿನ ಹಂಚಿನ ಮನೆಯಲ್ಲಿ ನನಗೆ ಒಂದು ಕೋಣೆಯ ಹಕ್ಕು ಇದ್ದರೆ ನಾನು ಮನೆ ಉಳ್ಳವನಾ? ಕಾಯ್ದೆ ಪಾಲಿನ ಬಗ್ಗೆ ಬಿಡಿಸಿ ಹೇಳಲಿಲ್ಲ. ಕೇಳಿದರೆ "ರಿಸ್ಕ್ ಬೇಡ, ಕ್ಲೇಮ್ ಮಾಡ್ಬೇಡಿ" ಎನ್ನುವ ಸಲಹೆಯೇ ಜಾಸ್ತಿ. ಅಲ್ಲಿಂದ ದಿನಾ ಚಾರ್ಮಾಡಿ ರಸ್ತೆ ಹಿಡಿದು ಕೊಟ್ಟಾರಕ್ಕೆ ಕೆಲಸಕ್ಕೆ ಬರಲು ಆಗುತ್ತದಾ ಅಂತ ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ 2008ರ ಕುಸಿತದ ನಂತರ ಮೊದಲ ಮನೆಗೆ ತೆರಿಗೆ ಕ್ರೆಡಿಟ್ ಕೊಟ್ಟರು, 2009ರಲ್ಲಿ ಅದು 8 ಸಾವಿರ ಡಾಲರಿನವರೆಗೆ. ಅಲ್ಲಿ "ಮೊದಲ ಸಲ" ಎಂದರೆ ಹಿಂದಿನ ಮೂರು ವರ್ಷ ತಾನು ಮುಖ್ಯವಾಗಿ ವಾಸ ಮಾಡುವ ಸ್ವಂತ ಮನೆ ಇಲ್ಲದವರು. ಎಲ್ಲಿ ವಾಸ ಎಂಬುದು ಅಲ್ಲಿನ ಪ್ರಶ್ನೆ, ಯಾವ ದಾಖಲೆಯಲ್ಲಿ ಹೆಸರು ಎಂಬುದಲ್ಲ. ಅದು ಕಡಿತ ಅಲ್ಲ, ಕ್ರೆಡಿಟ್. ಕಡಿತ ಆದಾಯದಿಂದ ಹೋಗುತ್ತದೆ, 30 ಪರ್ಸೆಂಟಿನ ಸ್ಲ್ಯಾಬಿನವನಿಗೆ ಹೆಚ್ಚು, 5 ಪರ್ಸೆಂಟಿನವನಿಗೆ ಕಡಿಮೆ. ಕ್ರೆಡಿಟ್ ನೇರ ತೆರಿಗೆಯಿಂದಲೇ ಹೋಗುತ್ತದೆ, ಎಲ್ಲರಿಗೂ ಒಂದೇ. ಅಲ್ಲಂತೂ ತೆರಿಗೆ ಕಡಿಮೆ ಇದ್ದವರಿಗೆ ಉಳಿದದ್ದನ್ನು ದುಡ್ಡಾಗಿಯೇ ಕೊಟ್ಟರು.

ನಮ್ಮಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0 ಇದೆಯಲ್ಲ ಎನ್ನಬಹುದು. ಇದೆ. ಮನೆಯವರ ವರ್ಷದ ಆದಾಯ 9 ಲಕ್ಷದೊಳಗೆ ಇರಬೇಕು, ಮನೆಯ ಬೆಲೆ 35 ಲಕ್ಷ ಮೀರಬಾರದು, ಸಾಲ 25 ಲಕ್ಷ ಮೀರಬಾರದು, ಸಿಗುವುದು ಹೆಚ್ಚೆಂದರೆ 1.80 ಲಕ್ಷ. ಬೇಕಾದವರಿಗೆ ಸಿಗಲಿ, ಅದರ ಬಗ್ಗೆ ತಕರಾರಿಲ್ಲ. ಆದರೆ 35 ಲಕ್ಷ ಹಿಡಿದುಕೊಂಡು ಕದ್ರಿಯಲ್ಲೋ ಬಿಜೈಯಲ್ಲೋ ಹೊಸ ಎರಡು ಬೆಡ್‌ರೂಮಿನ ಫ್ಲ್ಯಾಟ್ ಕೇಳಿ ನೋಡಿ, ಚಹಾ ಕೊಟ್ಟು ಕಳಿಸುತ್ತಾರೆ.

ತೆರಿಗೆ ವಿನಾಯಿತಿ ಕೊಟ್ಟರೆ ಬಿಲ್ಡರ್ ಅಷ್ಟೇ ರೇಟು ಏರಿಸುತ್ತಾನೆ ಎಂಬ ವಾದದಲ್ಲಿ ಹುರುಳಿದೆ. ಹಾಗಿದ್ದರೆ ರೇಟು ಏರಿಸುವುದು ಬರೀ ಮೊದಲ ಮನೆಯವರಾ? ಹೂಡಿಕೆಗೆ ಮೂರನೇ ಫ್ಲ್ಯಾಟ್ ಕೊಳ್ಳುವವರು, 54ಎಫ್‌ನ ಗಡುವು ಮುಗಿಯುವ ಮೊದಲು ಹಣ ಸುರಿಯಬೇಕಾದವರು ಏರಿಸುವುದಿಲ್ಲವಾ? ತೆಗೆಯುವುದಾದರೆ ಅಲ್ಲಿಂದ ಶುರು ಮಾಡಿ. ಕೊಡುವುದಾದರೆ ಹೊಸ ರೆಜೀಮ್‌ನಲ್ಲೇ, ಜೀವಮಾನಕ್ಕೆ ಒಂದು ಸಲ, ವಾಸದ ಮೊದಲ ಮನೆಗೆ ನೇರ ಕ್ರೆಡಿಟ್ ಕೊಡಿ. ಪಾನ್ ಇದೆ, ಆಧಾರ್ ಇದೆ, ಇ-ಖಾತಾ ಇದೆ, ಯಾರ ಹೆಸರಲ್ಲಿ ಏನುಂಟು ಎಂದು ಹುಡುಕುವುದು ಈಗ ದೊಡ್ಡ ಕೆಲಸವಲ್ಲ. ನೋಂದಣಿ ಶುಲ್ಕವನ್ನು ಡಬಲ್ ಮಾಡಿದ ರಾಜ್ಯ ಸರ್ಕಾರ ಮೊದಲ ಮನೆಗೆ ಹಳೇ 1 ಪರ್ಸೆಂಟ್ ಇಡಲಿ.

ಅಲ್ಲಿಯವರೆಗೆ ಫ್ಲ್ಯಾಟ್ ಬೇಕಿದ್ದರೆ ಖಂಡಿತ ತೆಗೊಳ್ಳಿ. ಮನೆ ಬೇಕು ಅಂತ ತೆಗೊಳ್ಳಿ, ಟ್ಯಾಕ್ಸಿಗೆ ಅಂತ ಬೇಡ. 50 ಲಕ್ಷಕ್ಕೆ ಇಪ್ಪತ್ತು ವರ್ಷ ತಿಂಗಳಿಗೆ ಸುಮಾರು 43,400 ಇಎಂಐ, ಒಟ್ಟು ಬಡ್ಡಿಯೇ 54 ಲಕ್ಷದ ಹತ್ತಿರ. ಅದು ನಿಮ್ಮ ಸಂಬಳದಿಂದಲೇ ಹೋಗಬೇಕು. 2022ರ ಮಾರ್ಚ್ ಮೊದಲಿನ ಸಾಲದವರು ರಿಟರ್ನ್ ಹಾಕುವಾಗ ಎರಡೂ ರೆಜೀಮ್ ಲೆಕ್ಕ ಹಾಕಿ ನೋಡಿ. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಮನೆ ಮತ್ತು ಸಾಲ ಇದ್ದರೆ ಹಳೆ ರೆಜೀಮ್‌ನಲ್ಲಿ ಇಬ್ಬರೂ ಬೇರೆ ಬೇರೆ ಕ್ಲೇಮ್ ಮಾಡಬಹುದು. ಇನ್ನು ಸೇಲ್ಸ್ ಹುಡುಗ "ಟ್ಯಾಕ್ಸ್ ಬೆನಿಫಿಟ್ ಉಂಟು ಸರ್" ಎಂದರೆ ಯಾವ ಸೆಕ್ಷನ್, ಯಾವ ರೆಜೀಮ್ ಅಂತ ಕೇಳಿ. ಸಾಲ ಮಾಡಿದ ವರ್ಷ ಮುಗಿದು ಐದು ವರ್ಷದೊಳಗೆ ಕಟ್ಟಡ ಪೂರ್ತಿಯಾಗದಿದ್ದರೆ ಹಳೆ ರೆಜೀಮ್‌ನ ಆ 2 ಲಕ್ಷವೂ 30 ಸಾವಿರಕ್ಕೆ ಇಳಿಯುತ್ತದೆ, ತಡ ಮಾಡಿದ್ದು ಬಿಲ್ಡರ್ ಆದರೂ. ಅದನ್ನು ಬ್ರೋಷರಿನಲ್ಲಿ ಯಾವ ಪುಟದಲ್ಲಿ ಹಾಕಿದ್ದೀರಿ ಅಂತಲೂ ಕೇಳಿ.