ಚೀಟಿಯ ಹಿಂಬದಿಯ ಕವಿತೆ

ಒಂದು ಬಟ್ಟಲು ತೆಂಗಿನ ತುರಿ, ಎರಡು ಬಟ್ಟಲು ಹಿಟ್ಟು, ಒಂದು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ಬೆಣ್ಣೆ, ಅರ್ಧ ಬಟ್ಟಲು ಹಾಲು, ಎರಡು ಮೊಟ್ಟೆ, ಅರ್ಧ ಚಮಚ ಸೋಡಾ, ಒಂದು ಚಮಚ ಕ್ರೀಮ್ ಆಫ್ ಟಾರ್ಟರ್. ಕೊನೆಗೆ, ಇದು ಅರ್ಧ ಅಳತೆ ಎಂಬ ಒಂದು ಸೂಚನೆ. ಕಲಸುವುದು ಹೇಗೆ, ಬೇಯಿಸುವುದು ಎಷ್ಟು ಹೊತ್ತು ಎಂಬ ಮಾತಿಲ್ಲ. ಕೈ ಪಳಗಿದವರಿಗೆ ಅದು ಬೇಕಾಗಿಯೂ ಇಲ್ಲ. ಪರಿಚಯದ ಹೆಂಗಸೊಬ್ಬಳಿಂದ ಕೇಳಿ ಬರೆದಿಟ್ಟುಕೊಂಡ ತೆಂಗಿನಕಾಯಿ ಕೇಕಿನ ಚೀಟಿ ಇದು. ಮಗುಚಿ ನೋಡಿದರೆ ಹಿಂಬದಿಯಲ್ಲಿ, ಅದೇ ಕೈಬರಹದಲ್ಲಿ, ಒಮ್ಮೆ ಹೋದರೆ ಮರಳಿ ಬಾರದವುಗಳ ಕುರಿತು ಒಂದು ಕವಿತೆಯ ಕರಡು.

ಬರೆದವಳು ಎಮಿಲಿ ಡಿಕಿನ್ಸನ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್ ಎಂಬ ಪುಟ್ಟ ಊರಿನಲ್ಲಿ 1830ರ ಡಿಸೆಂಬರ್ 10ರಂದು ಹುಟ್ಟಿ, ಬದುಕಿನ ಬಹುಪಾಲನ್ನು ಹುಟ್ಟಿದ ಮನೆಯಲ್ಲಿಯೇ ಕಳೆದು, 1886ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದವಳು. ಇಂದು ಅಮೆರಿಕದ ಅತಿ ದೊಡ್ಡ ಕವಿಗಳಲ್ಲಿ ಒಬ್ಬಳೆಂದು ಆಕೆಗೆ ಹೆಸರು. ಬದುಕಿದ್ದಾಗ ಊರಿನವರಿಗೆ ಗೊತ್ತಿದ್ದುದು ಬೇರೆ ಎಮಿಲಿ: ವಕೀಲರ ಮನೆಯ ದೊಡ್ಡ ಮಗಳು, ಮದುವೆಯಾಗದವಳು, ಮನೆಯಿಂದ ಹೊರಬಾರದವಳು, ಬಿಳಿ ಉಡುಪಿನವಳು, ಬ್ರೆಡ್ಡು ಕೇಕು ಚೆನ್ನಾಗಿ ಮಾಡುವವಳು.

ಕೊನೆಯ ಮಾತು ಬರೀ ಹೊಗಳಿಕೆಯಲ್ಲ. 1856ರಲ್ಲಿ ಊರಿನ ದನದ ಜಾತ್ರೆಯಲ್ಲಿ ನಡೆದ ಸ್ಪರ್ಧೆಗೆ ಆಕೆ ರೈ ಹಿಟ್ಟು ಮತ್ತು ಮೆಕ್ಕೆಜೋಳದ ಹಿಟ್ಟು ಬೆರೆಸಿದ ಬ್ರೆಡ್ಡನ್ನು ಕಳಿಸಿ ಎರಡನೆಯ ಬಹುಮಾನ ಪಡೆದಳು. ತೀರ್ಪುಗಾರರಲ್ಲಿ ಒಬ್ಬಳು ಆಕೆಯ ಒಡಹುಟ್ಟಿದ ತಂಗಿ ಲವಿನಿಯಾ. ತಂಗಿಯೇ ಕುಳಿತಿದ್ದರೂ ಮೊದಲನೆಯ ಬಹುಮಾನ ಬರಲಿಲ್ಲವೆಂದರೆ ಅಲ್ಲಿಯ ತೀರ್ಪಿನ ಮೇಲೆ ಸ್ವಲ್ಪ ಭರವಸೆ ಇಡಬಹುದು. ಮರುವರ್ಷ ಎಮಿಲಿಯೇ ತೀರ್ಪುಗಾರಳಾದಳು. ಮನೆಯೊಳಗಂತೂ ಯಾವ ಸ್ಪರ್ಧೆಯೂ ಇರಲಿಲ್ಲ. ತಂದೆ ಎಡ್ವರ್ಡ್ ಡಿಕಿನ್ಸನ್ ಗಂಭೀರ ಮನುಷ್ಯ. ಕಾಲೇಜಿನ ಖಜಾಂಚಿ, ಒಂದು ಅವಧಿಗೆ ಅಮೆರಿಕದ ಸಂಸತ್ತಿನ ಸದಸ್ಯ. ಅವರಿಗೆ ದೊಡ್ಡ ಮಗಳ ಕೈಯ ಬ್ರೆಡ್ಡೇ ಆಗಬೇಕಿತ್ತು. ಹೀಗಾಗಿ ಮನೆಯ ಬ್ರೆಡ್ಡಿನ ಕೆಲಸ ಪೂರ್ತಿ ಆಕೆಯ ಪಾಲಿಗೆ ಬಂತು. ಗುಡಿಸುವುದು, ಒರೆಸುವುದು ಆಕೆಗೆ ಆಗದ ಕೆಲಸ. ಅದನ್ನು ಲವಿನಿಯಾ ನೋಡಿಕೊಳ್ಳುತ್ತಿದ್ದಳು.

ಆ ಅಡುಗೆಮನೆಯ ಪಕ್ಕದಲ್ಲಿ ಹಾಲು, ಬೆಣ್ಣೆ ಇಡುವ ಒಂದು ತಣ್ಣನೆಯ ಉಗ್ರಾಣ. ಎಮಿಲಿ ಅಲ್ಲಿ ಹಾಲಿನ ಕೆನೆ ತೆಗೆಯುತ್ತ ನಿಂತಿರುತ್ತಿದ್ದಳು. ಚಿಕ್ಕಮ್ಮನ ಮಗಳು ಲೂಯಿಸಾ ಬಾಗಿಲ ಹಿಂದೆ ಕಾಲುಮಣೆಯ ಮೇಲೆ ಕುಳಿತಿರುತ್ತಿದ್ದಳು. ಕೆನೆ ತೆಗೆಯುವ ನಡುವೆ ಬರೆದದ್ದನ್ನು ಎಮಿಲಿ ಓದಿ ಹೇಳುತ್ತಿದ್ದಳೆಂದು ಲೂಯಿಸಾ ಎಷ್ಟೋ ವರ್ಷಗಳ ಮೇಲೆ, 1904ರಲ್ಲಿ, ನೆನಪಿಸಿಕೊಂಡಳು. ಜಗತ್ತು ಮುಂದೆ ಪುಸ್ತಕ ಕೊಂಡು ಓದಿದ್ದನ್ನು ಆ ಹುಡುಗಿ ಹಾಲಿನ ವಾಸನೆಯ ನಡುವೆ ಕೇಳಿದ್ದಳು. ಕೈಗೆ ಸಿಕ್ಕ ಕಾಗದದ ಮೇಲೆಲ್ಲ ಬರೆಯುವುದು ಎಮಿಲಿಯ ಅಭ್ಯಾಸ. ಲಕೋಟೆಯ ಒಳಮೈ, ಚಾಕೊಲೇಟಿನ ಹೊದಿಕೆ, ಕೇಕಿನ ಚೀಟಿ, ಯಾವುದಾದರೂ ಸರಿ.

ಆಕೆಯ ಕಪ್ಪು ಕೇಕಿನ ವಿಚಾರವನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. 1883ರ ಸುಮಾರಿಗೆ ಪರಿಚಿತಳೊಬ್ಬಳಿಗೆ ಎಮಿಲಿ ಬರೆದು ಕಳಿಸಿದ ಅಳತೆ ಹೀಗಿದೆ: ಹಿಟ್ಟು, ಸಕ್ಕರೆ, ಬೆಣ್ಣೆ ತಲಾ 2 ಪೌಂಡು, ಅಂದರೆ ಒಂದೊಂದೂ 900 ಗ್ರಾಮಿಗೆ ಮೇಲೆ. ಮೊಟ್ಟೆ 19. ಒಣದ್ರಾಕ್ಷಿ 5 ಪೌಂಡು. ಚಿಕ್ಕ ಕರಿದ್ರಾಕ್ಷಿ ಒಂದೂವರೆ ಪೌಂಡು, ಸಕ್ಕರೆಯಲ್ಲಿ ಪಾಕಗೊಂಡ ಮಾದಲದ ಸಿಪ್ಪೆ ಮತ್ತೆ ಒಂದೂವರೆ ಪೌಂಡು. ಅರ್ಧ ಪೈಂಟು ಬ್ರಾಂದಿ, ಅಷ್ಟೇ ಕಾಕಂಬಿ. ಎರಡು ಜಾಯಿಕಾಯಿ, ಲವಂಗ, ಜಾಪತ್ರೆ, ದಾಲ್ಚಿನ್ನಿ. ಬೆಣ್ಣೆ, ಸಕ್ಕರೆಗಳನ್ನು ನಾದಿ, ಮೊಟ್ಟೆಗಳನ್ನು ಬೇರೆಯಾಗಿ ಕಡೆಯದೆ ಹಾಗೆಯೇ ಒಡೆದು ಹಾಕಿ, ಮತ್ತೆ ಕಡೆಯಬೇಕು. ಕೇಕಿನ ತಟ್ಟೆಗಳಲ್ಲಾದರೆ ಎರಡೂವರೆಯಿಂದ ಮೂರು ಗಂಟೆ. ಹಾಲನ್ನು ಕೆನೆಗಟ್ಟಲು ಇಡುವ ಅಗಲ ಪಾತ್ರೆಯ ತುಂಬ ಸುರಿದರೆ ಐದಾರು ಗಂಟೆ ಬೇಯಬೇಕು. ಡಿಸೆಂಬರಿನಲ್ಲಿ ನಮ್ಮ ಬೇಕರಿಗಳ ಗಾಜಿನ ಹಿಂದೆ ಕಾಣುವ ಪ್ಲಮ್ ಕೇಕಿನ ಮನೆತನದ್ದೇ ಇದು. ಆದರೆ ಒಬ್ಬಿಬ್ಬರು ಕುಳಿತು ತಿಂದು ಮುಗಿಸುವ ಸರಕಲ್ಲ. ತೋಳಿನಲ್ಲಿ ಬಲವಿರುವ ಇನ್ನೊಬ್ಬರು ಜೊತೆಗಿಲ್ಲದೆ ಕಲಸಿ ಮುಗಿಯುವುದೂ ಕಷ್ಟ. ಎಮಿಲಿಯ ಮನೆಯಲ್ಲಿ ತಂಗಿ ಇದ್ದಳು, 1869ರಿಂದ ಐರ್ಲೆಂಡ್ ಮೂಲದ ಕೆಲಸದಾಕೆ ಮಾರ್ಗರೆಟ್ ಇದ್ದಳು. ಹೌಟನ್ ಗ್ರಂಥಾಲಯ ಎಂದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದೆ. ಈ ಕೇಕಿನ ಮೂಲ ಬರಹ ಈಗ ಅಲ್ಲಿದೆ. ಈಚಿನ ವರ್ಷಗಳಲ್ಲಿ ಅಲ್ಲಿಯ ಸಿಬ್ಬಂದಿ ಎಮಿಲಿಯ ಹುಟ್ಟುಹಬ್ಬಕ್ಕೆ 19 ಮೊಟ್ಟೆ ಒಡೆದು ಅದೇ ಕೇಕನ್ನು ಮಾಡಿ ಹಂಚಿದ್ದುಂಟು.

ಎಮಿಲಿ ಕೂಡ ಮಾಡಿದ್ದನ್ನು ಹಂಚುವವಳೇ. ಕಾಯಿಲೆಯವರ ಮನೆಗೆ, ಸಾವಾದ ಮನೆಗೆ ತಿನಿಸಿನ ಜೊತೆ ಎರಡು ಸಾಲು ಬರೆದ ಚೀಟಿ ಹೋಗುತ್ತಿತ್ತು. ಅಂಗಳದಲ್ಲಿ ಆಡುವ ಮಕ್ಕಳಿಗೆ ಮೇಲಿನ ಕಿಟಕಿಯಿಂದ ಬುಟ್ಟಿಗೆ ಹಗ್ಗ ಕಟ್ಟಿ ಶುಂಠಿ ಬ್ರೆಡ್ಡು ಇಳಿಬಿಡುತ್ತಿದ್ದಳು. ಪಕ್ಕದ ಮನೆಯಲ್ಲಿದ್ದ ಅತ್ತಿಗೆ ಸೂಸನ್‌ಗೆ ಕಳಿಸಿದ ಕವಿತೆಗಳೇ 250ರ ಮೇಲೆ. ಆದರೆ ಅಚ್ಚಿಗೆ ಮಾತ್ರ ಒಲ್ಲೆ. ಆಕೆ ಬದುಕಿದ್ದಾಗ ಮುದ್ರಣ ಕಂಡ ಕವಿತೆಗಳು ಹತ್ತರಷ್ಟು, ಅವೂ ಹೆಸರಿಲ್ಲದೆ. ಮನೆಯವರು ಕೇಕು ತಿಂದರು, ಬಂದ ಕವಿತೆಯನ್ನು ಓದಿ ಸಂತೋಷಪಟ್ಟರು. ಇದು ಹೊರಗಿನವರಿಗೂ ಸೇರಬೇಕಾದ ವಸ್ತು ಎಂದು ಜಗಳಕ್ಕೆ ನಿಂತವಳು ಒಬ್ಬ ಗೆಳತಿ.

ಹೆಲನ್ ಹಂಟ್ ಜಾಕ್ಸನ್ ಹುಟ್ಟಿದ್ದೂ ಆಮ್‌ಹರ್ಸ್ಟಿನಲ್ಲೇ, 1830ರಲ್ಲೇ. ಅಲ್ಲಿಯ ಕಾಲೇಜಿನ ಪ್ರಾಧ್ಯಾಪಕರ ಮಗಳು. ಬದುಕು ಇಬ್ಬರನ್ನೂ ಬೇರೆ ಬೇರೆ ದಿಕ್ಕಿಗೆ ಒಯ್ದಿತು. ಎಮಿಲಿ ಮನೆಯ ಹೊಸಿಲು ದಾಟಲಿಲ್ಲ. ಹೆಲನ್ ಊರೂರು ತಿರುಗಿದಳು. ಗಂಡ ತೀರಿಕೊಂಡ, ಇಬ್ಬರು ಗಂಡುಮಕ್ಕಳೂ ಚಿಕ್ಕಂದಿನಲ್ಲೇ ಹೋದರು. ಆ ದುಃಖದಲ್ಲಿ ಲೇಖನಿ ಹಿಡಿದವಳು ಬೇಗನೆ ಹೆಸರಾದ ಲೇಖಕಿಯಾದಳು. ಮುಂದೆ ಅಮೆರಿಕದ ಮೂಲನಿವಾಸಿಗಳಿಗೆ ಸರ್ಕಾರ ಮಾಡಿದ ವಂಚನೆಯನ್ನು ಬಯಲಿಗೆಳೆದು 1881ರಲ್ಲಿ ಒಂದು ಪುಸ್ತಕ ಬರೆದಳು. 1884ರಲ್ಲಿ ಬಂದ ಆಕೆಯ ‘ರಮೋನಾ’ ಕಾದಂಬರಿ ಮನೆಮಾತಾಯಿತು. ಬಾಲ್ಯದ ಪರಿಚಯ ಮತ್ತೆ ಚಿಗುರಿದ್ದು ಹಿಗಿನ್ಸನ್ ಎಂಬ ಸಾಹಿತಿಯಿಂದ. ಎಮಿಲಿ ಆತನಿಗೆ ಪತ್ರದಲ್ಲಿ ಕಳಿಸಿದ್ದ ಕವಿತೆಗಳನ್ನು ಆತ ಹೆಲನ್‌ಗೆ ತೋರಿಸಿದ. ಆಕೆ ಕೆಲವನ್ನು ತನ್ನದೊಂದು ಪುಟ್ಟ ಪುಸ್ತಕಕ್ಕೆ ಬರೆದಿಟ್ಟುಕೊಂಡಳು.

1876ರ ಮಾರ್ಚಿನಲ್ಲಿ ಆಕೆ ಎಮಿಲಿಗೆ ಬರೆದ ಪತ್ರದಲ್ಲಿ ಮುಚ್ಚುಮರೆಯಿಲ್ಲ. ನೀನು ದೊಡ್ಡ ಕವಿ, ಗಟ್ಟಿಯಾಗಿ ಹಾಡದೆ ಕೂತು ನಿನ್ನ ಕಾಲಕ್ಕೆ ಅನ್ಯಾಯ ಮಾಡುತ್ತಿದ್ದೀಯೆ, ಸತ್ತ ಮೇಲೆ ಇಷ್ಟು ಜಿಪುಣತನ ಮಾಡಿದೆನಲ್ಲಾ ಎಂದು ಪರಿತಪಿಸುತ್ತೀಯೆ ಎಂದು ನೇರವಾಗಿ ಬರೆದಳು. ಎಮಿಲಿಯನ್ನು ದೊಡ್ಡ ಕವಿ ಎಂದು ಅಷ್ಟು ಸ್ಪಷ್ಟವಾಗಿ ಆಕೆಗೇ ಹೇಳಿದ ಸಮಕಾಲೀನ ಲೇಖಕರು ಇನ್ನೊಬ್ಬರಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಆಕೆಯೇ ಮನೆಗೆ ಬಂದಳು. ಗೆಳತಿಯ ಸೊರಗಿದ ಕೈ ಹಿಡಿದು ಗಾಬರಿಯಾಗಿ, ಬಿಸಿಲಿಗೆ ಬಾರದೆ ಹೀಗಾಗಿದ್ದೀಯೆ ಎಂದು ಗದರಿದಳು. ಊರಿಗೆ ಮರಳಿದ ಮೇಲೆ ನಾಚಿಕೆಯಾಯಿತು. ತಾನೊಂದು ದೊಡ್ಡ ಎತ್ತು, ಬಿಳಿಯ ಪತಂಗವೊಂದನ್ನು ಹುಲ್ಲು ಮೇಯಲು ಕರೆದು ಮೈತುಂಬಿಸಿಕೋ ಎಂದಂತಾಯಿತು ಎಂದು ಕ್ಷಮೆ ಕೇಳಿ ಬರೆದಳು. ಗದರುವುದಕ್ಕೂ ಹೀಗೆ ತನ್ನನ್ನೇ ಲೇವಡಿ ಮಾಡಿಕೊಳ್ಳುವುದಕ್ಕೂ ಸಲುಗೆ ಬೇಕು.

ಆಗ ಬಾಸ್ಟನ್ನಿನ ರಾಬರ್ಟ್ಸ್ ಬ್ರದರ್ಸ್ ಪ್ರಕಾಶನ ಲೇಖಕರ ಹೆಸರು ಹಾಕದ ಪುಸ್ತಕಗಳ ಮಾಲೆಯೊಂದನ್ನು ತರುತ್ತಿತ್ತು. ಹೆಸರೇ ಇಲ್ಲವೆಂದ ಮೇಲೆ ಸಂಕೋಚವೇಕೆ ಎಂಬುದು ಹೆಲನ್‌ಳ ವಾದ. ಒಲ್ಲೆ ಎಂದು ಗೆಳತಿಗೆ ಹೇಳಲಾರದ ಎಮಿಲಿ ಹಿಗಿನ್ಸನ್‌ನನ್ನು ಅಡ್ಡ ತರಲು ನೋಡಿದಳು. ಆ ಪುಣ್ಯಾತ್ಮ ಆಕೆಯನ್ನು ಕೇಳಿರುವುದು ಕಥೆಗಳನ್ನು ಎಂದು ತಿಳಿದು ಇನ್ನೇನೋ ಉತ್ತರ ಬರೆದ. ಹೆಲನ್ ಬಿಡಲಿಲ್ಲ. ನಾನೇ ನನ್ನ ಕೈಬರಹದಲ್ಲಿ ನಕಲು ಮಾಡಿ ಕಳಿಸುತ್ತೇನೆ, ಯಾರದೆಂದು ಪ್ರಕಾಶಕರಿಗೂ ಹೇಳುವುದಿಲ್ಲ ಎಂದಳು. 1878ರ ಅಕ್ಟೋಬರಿನಲ್ಲಿ ಎರಡನೆಯ ಗಂಡನನ್ನೂ ಕರೆದುಕೊಂಡು ಮತ್ತೆ ಮನೆಗೇ ಬಂದಳು. ತನಗೆ ಬಾಯಿಪಾಠವಾಗಿರುವ ಆ ಒಂದನ್ನಾದರೂ ಕೊಡು ಎಂದು ಕೇಳಿದಳು. ಅದು ಗೆಲುವಿನ ರುಚಿ ಸೋತವನಿಗೇ ಹೆಚ್ಚು ಗೊತ್ತು ಎಂಬ ಭಾವದ ಕವಿತೆ. ಎರಡು ವರ್ಷಗಳ ಬೆನ್ನುಹತ್ತುವಿಕೆಗೆ ಎಮಿಲಿ ಕೊನೆಗೂ ಮಣಿದಳು.

ಆ ವರ್ಷವೇ ‘ಎ ಮಾಸ್ಕ್ ಆಫ್ ಪೊಯೆಟ್ಸ್’ ಎಂಬ ಸಂಕಲನದಲ್ಲಿ ಅದು ಅಚ್ಚಾಯಿತು. ಸಂಪಾದಕರು ಅಲ್ಲಲ್ಲಿ ಪದಗಳನ್ನು ತಿದ್ದಿಯೂ ಇದ್ದರು. ಓದಿದವರಲ್ಲಿ ಹೆಚ್ಚಿನವರು ಇದು ಎಮರ್ಸನ್ ಬರೆದದ್ದೇ ಇರಬೇಕೆಂದು ತೀರ್ಮಾನಿಸಿದರು. ಪ್ರಕಾಶನದ ಥಾಮಸ್ ನೈಲ್ಸ್ ಈ ಸುದ್ದಿಯನ್ನು ಎಮಿಲಿಗೆ ಬರೆದು ತಿಳಿಸಿದ. ದೇಶದ ಹಿರಿಯ ಋಷಿಯಂಥ ಲೇಖಕನ ಹೆಸರು ತನ್ನ ಕವಿತೆಯ ತಲೆಯ ಮೇಲೆ ಬಂದು ಕೂತರೂ ಎಮಿಲಿ ಮತ್ತೆ ಮೊದಲಿನಂತೆಯೇ.

1884ರ ಬೇಸಿಗೆಯಲ್ಲಿ ಹೆಲನ್ ಬಿದ್ದು ಕಾಲು ಮುರಿದುಕೊಂಡಳು. ಸೆಪ್ಟೆಂಬರಿನಲ್ಲಿ ಇನ್ನೊಂದು ಪತ್ರ ಬಂತು. ನೀನು ನನಗಿಂತ ಮೊದಲು ಹೋಗುವುದಾದರೆ ನಿನ್ನ ಬರಹಗಳ ಹೊಣೆಯನ್ನು ನನಗೆ ಒಪ್ಪಿಸಿ ಹೋಗು ಎಂದು ಅದರಲ್ಲಿ ಕೇಳಿದಳು. ಎಮಿಲಿಯ ಉತ್ತರದಲ್ಲಿ ಮುರಿದ ಕಾಲಿನ ವಿಚಾರವಿದೆ, ಕವಿತೆಗಳ ವಿಚಾರವಿಲ್ಲ. ಮರುವರ್ಷ ಆಗಸ್ಟ್ 12ರಂದು ಹೆಲನ್ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡಳು. ಹೊಣೆ ಹೊರಲು ಸಿದ್ಧಳಾಗಿದ್ದವಳೇ ಮೊದಲು ಹೋದಳು. ಒಂಬತ್ತು ತಿಂಗಳ ಮೇಲೆ, 1886ರ ಮೇ 15ರಂದು, ಎಮಿಲಿ.

ಅಕ್ಕನ ಕೋಣೆಯನ್ನು ತೆರವು ಮಾಡಲು ಹೋದ ಲವಿನಿಯಾಗೆ ಸಿಕ್ಕಿದ್ದು ಸೂಜಿ ದಾರದಲ್ಲಿ ಹೊಲಿದ 40 ಪುಟ್ಟ ಹೊತ್ತಗೆಗಳು ಮತ್ತು ಬಿಡಿ ಹಾಳೆಗಳ ಕಟ್ಟು. ಎಲ್ಲ ಸೇರಿ 1,800ರ ಹತ್ತಿರ ಕವಿತೆಗಳು. ಒಂದೇ ಒಲೆಯ ಮುಂದೆ ಅರ್ಧ ಶತಮಾನ ಕಳೆದ ತಂಗಿಗೆ ಅಕ್ಕ ಬರೆಯುತ್ತಾಳೆಂದು ಗೊತ್ತಿತ್ತು, ಇಷ್ಟೆಂದು ಗೊತ್ತಿರಲಿಲ್ಲ. ಆಕೆ ಸಾಹಿತ್ಯದವಳಲ್ಲ, ಆದರೆ ಹೆಲನ್‌ಳ ಹಟ ಈಗ ಆಕೆಗೆ ಬಂತು. ಅವರಿವರ ಬಾಗಿಲು ತಟ್ಟಿ, ಮೇಬಲ್ ಟಾಡ್ ಎಂಬ ಪರಿಚಿತಳಿಂದ ನಕಲು ಮಾಡಿಸಿ, ಹಿಗಿನ್ಸನ್‌ನನ್ನು ಒಪ್ಪಿಸಿದಳು. ಅದೇ ರಾಬರ್ಟ್ಸ್ ಬ್ರದರ್ಸ್, ಅದೇ ನೈಲ್ಸ್. ಆತನಿಗೆ ಅಂಥ ಭರವಸೆಯೇನೂ ಇರಲಿಲ್ಲ. 1890ರ ನವೆಂಬರಿನಲ್ಲಿ ಮೊದಲಿಗೆ ಅಚ್ಚಾದದ್ದು 500 ಪ್ರತಿಗಳು. ಅವು ಸಾಲದೆ ಮತ್ತೆ ಮತ್ತೆ ಅಚ್ಚು ಹಾಕಬೇಕಾಯಿತು.

ಆ ಪುಸ್ತಕದ ಮೊದಲ ಭಾಗ ತೆರೆಯುವುದು ಹೆಲನ್‌ಗೆ ಬಾಯಿಪಾಠವಾಗಿದ್ದ ಕವಿತೆಯಿಂದ. ತಲೆಬರಹದ ಕೆಳಗೆ ಚಿಕ್ಕದೊಂದು ಟಿಪ್ಪಣಿಯಿದೆ: ಲೇಖಕಿಯ ಊರಿನವಳೂ ಗೆಳತಿಯೂ ಆದ ‘ಎಚ್.ಎಚ್.’ ಕೇಳಿಕೊಂಡದ್ದರಿಂದ ಇದು ಹಿಂದೆ ಪ್ರಕಟವಾಗಿತ್ತು ಎಂದು.