ಕಂಡವರೆಷ್ಟು, ಹೇಳಿದವರೆಷ್ಟು?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಗುಳ್ಳೆ ಬಿದ್ದ ಎರಕಕ್ಕೆ ಪುಟ್ಟಿ ಮೆತ್ತಿ ಒಳ್ಳೆಯ ಮಾಲಿನ ಜೊತೆ ಸೇರಿಸುವುದನ್ನು ಕೆಲಸಗಾರನೊಬ್ಬ ಕಂಡನೆಂದುಕೊಳ್ಳಿ. ಅವನು ಮೇಲಿನವರಿಗೆ ಹೇಳುತ್ತಾನೆಯೆ? ಇದಕ್ಕೂ ಸಂಭವನೀಯತೆಯ ಲೆಕ್ಕ ಉಂಟು. ಆದರೆ ಯಾವುದನ್ನು ಯಾವುದರಿಂದ ಭಾಗಿಸಬೇಕೆಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ.

ಒಂದು ಕಲ್ಪಿತ ಸಮೀಕ್ಷೆ ನೋಡಿ. ಬೆಳಗಾವಿಯ ಫೌಂಡ್ರಿಗಳ 120 ಮಂದಿ, ಖಾನಾಪುರದ ಹೆಂಚಿನ ಕಾರ್ಖಾನೆಗಳ 80 ಮಂದಿ, ಒಟ್ಟು 200. ಬೆಳಗಾವಿಯಲ್ಲಿ 48 ಮಂದಿ ಅಕ್ರಮ ಕಂಡಿದ್ದರು, ಅವರಲ್ಲಿ 30 ಮಂದಿ ದೂರು ಕೊಟ್ಟರು. ಖಾನಾಪುರದಲ್ಲಿ ಕಂಡವರು 20, ಹೇಳಿದವರು 6.

ಒಟ್ಟು ಹೇಳಿದವರು 36. ಇದನ್ನು 200ರಿಂದ ಭಾಗಿಸಿ, "ನೂರಕ್ಕೆ 18 ಮಂದಿಗಷ್ಟೇ ಬಾಯಿ ಬಿಡುವ ಧೈರ್ಯ" ಎಂದು ತಲೆಬರಹ ಕೊಟ್ಟರೆ ಅನ್ಯಾಯ. 132 ಮಂದಿ ಏನನ್ನೂ ಕಂಡೇ ಇಲ್ಲ; ಅವರು ಹೇಳುವುದಾದರೂ ಏನನ್ನು? ಕಂಡ 68 ಮಂದಿಯಲ್ಲಿ ಹೇಳಿದವರು 36, ಅಂದರೆ ಸುಮಾರು 0.53. ಇದೇ ಷರತ್ತುಬದ್ಧ ಸಂಭವನೀಯತೆ: 'ಕಂಡಿದ್ದರೆ' ಎಂಬುದೇ ಷರತ್ತು. ಊರುವಾರು ನೋಡಿದರೆ ಬೆಳಗಾವಿಯಲ್ಲಿ 30/48, ಅಂದರೆ 0.625, ಖಾನಾಪುರದಲ್ಲಿ 6/20, ಅಂದರೆ 0.3 ಮಾತ್ರ. ಸಣ್ಣ ಊರಿನಲ್ಲಿ ಸೂಪರ್‌ವೈಸರನೇ ಪಕ್ಕದ ಮನೆಯವನಾಗಿದ್ದರೆ ದೂರು ಕೊಡುವುದು ಸುಲಭವಲ್ಲ.

ಅಂಜಿಕೆಗೆ ಕಾರಣವೂ ಇದೆ. ಕೋಲಾರ ಚಿನ್ನದ ಗಣಿ ಪ್ರದೇಶದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್‌ನ ತರುಣ ಅಧಿಕಾರಿ. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ವಿರುದ್ಧ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರಿನಲ್ಲಿ ಅವರ ಕೊಲೆಯಾಯಿತು.

ಹಾಗಾದರೆ "ಕಂಡೂ ಸುಮ್ಮನಿದ್ದಿರಾ?" ಎಂದು ಕೇಳಿದರೆ ನಿಜ ಹೇಳುವವರಾರು? ಸ್ಟ್ಯಾನ್ಲಿ ವಾರ್ನರ್ ಇದಕ್ಕೊಂದು ಉಪಾಯವನ್ನು 1965ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದರ ಸುಲಭ ರೂಪ ಹೀಗಿದೆ. ಪ್ರತಿಯೊಬ್ಬರೂ ಮರೆಯಲ್ಲಿ ನಾಣ್ಯ ಚಿಮ್ಮಬೇಕು. ಸಿಂಹದ ಮುಖ ಬಿದ್ದರೆ ಏನೇ ಇರಲಿ 'ಹೌದು' ಎನ್ನಬೇಕು. ಅಂಕೆಯ ಮುಖ ಬಿದ್ದರೆ ನಿಜ ಹೇಳಬೇಕು. ಯಾರ 'ಹೌದು' ನಾಣ್ಯದ್ದು, ಯಾರದು ಮನಸ್ಸಿನದು ಎಂದು ಮಾಲೀಕನಿರಲಿ, ಕೇಳಿದವನಿಗೂ ತಿಳಿಯದು. ಆದರೂ ಲೆಕ್ಕ ಸಿಗುತ್ತದೆ! 200 ಮಂದಿಯಲ್ಲಿ 116 'ಹೌದು' ಬಂದರೆ, ನಾಣ್ಯದ ಪಾಲು ಸುಮಾರು 100. ಉಳಿದ 100 ಮಂದಿಯಲ್ಲಿ ನಿಜವಾದ 'ಹೌದು' 16, ಅಂದರೆ 0.16. ಮೇಲಿನ ಪಟ್ಟಿಯಲ್ಲಿ ಸುಮ್ಮನಿದ್ದವರೂ 32/200, ಅಷ್ಟೇ.

ನಾಣ್ಯ ಸರಿಯಾಗಿ 100 ಸಲವೇ ಸಿಂಹ ತೋರಿಸಬೇಕೆಂದಿಲ್ಲ; ಏಳೆಂಟು ಆಚೀಚೆಯಾಗುವುದು ಸಹಜ. ಆದ್ದರಿಂದ ಹೆಚ್ಚು ಜನರನ್ನು ಕೇಳಿದಷ್ಟೂ ಉತ್ತರ ನಂಬಲರ್ಹ.

ಈಗ ವಿದ್ಯಾರ್ಥಿಗಳಿಗೊಂದು ಲೆಕ್ಕ. ಖಾನಾಪುರದ 80 ಮಂದಿಯನ್ನಷ್ಟೇ ಹೀಗೆ ಕೇಳಿದಾಗ 47 'ಹೌದು' ಬಂದವು. ಕಂಡೂ ಸುಮ್ಮನಿದ್ದವರ ಸಂಭವನೀಯತೆ ಎಷ್ಟು? ಮೇಲಿನ 14/80ಕ್ಕೆ ಅದು ತಾಳೆಯಾಗುವುದೆ?