ಗುರಿ ಕೈಬಿಟ್ಟ ಆಕ್ಸೆಂಚರ್: ನಮ್ಮೂರ ಹೆಣ್ಣುಮಕ್ಕಳ ಕತೆ ಏನು?

2025ರೊಳಗೆ ಸಿಬ್ಬಂದಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಆಕ್ಸೆಂಚರ್ ಕಂಪನಿ 2017ರಲ್ಲಿ ಗುರಿ ಹಾಕಿಕೊಂಡಿತ್ತು. ಹತ್ತಿರಕ್ಕೆ ಬಂದಿದ್ದೂ ನಿಜ. ಆದರೆ ಗಡುವಿನ ವರ್ಷದ ಫೆಬ್ರವರಿಯಲ್ಲೇ ಸಿಇಒ ಜೂಲಿ ಸ್ವೀಟ್ ಆ ಜಾಗತಿಕ ಗುರಿಗಳನ್ನು ಕೈಬಿಟ್ಟರು. ಅಮೆರಿಕದಲ್ಲಿ ಟ್ರಂಪ್ ಆದೇಶ ಹೊರಬಿದ್ದಿತ್ತು. ಅಲ್ಲಿನ ಸರ್ಕಾರ ಕಂಪನಿಯ ದೊಡ್ಡ ಗಿರಾಕಿ. ಗಿರಾಕಿ ಮುನಿಸಿಕೊಂಡರೆ ಅಂಗಡಿ ನಡೆಯಲ್ವಲ್ಲ!

ಬೆಂಗಳೂರಿಗೆ ಕೆಲಸ ಹುಡುಕಿ ಹೋಗುವ ತಾಲ್ಲೂಕಿನ ಹೆಣ್ಣುಮಕ್ಕಳಿಗೆ ನಾಳೆಯೇ ಬಾಗಿಲು ಮುಚ್ಚುತ್ತದೆ ಅಂತಲ್ಲ. ಆದರೆ ಸಿಬ್ಬಂದಿಯ ಸಾಧನೆ ಅಳೆಯಲು ಇನ್ನು ಆ ಗುರಿ ಇರಲ್ಲ.

ಸಿಎಸ್‌ಆರ್ ಹಾಗಲ್ಲ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟು ಖರ್ಚು ಮಾಡಲೇಬೇಕು. ಆದರೆ ಕಂಪನಿ ಇರುವ ಸುತ್ತಮುತ್ತಲಿಗೇ ಆದ್ಯತೆ ಕೊಡಿ ಅನ್ನೋದೂ ಅದೇ ಕಾಯ್ದೆ. ದುಡ್ಡು ಬೆಂಗಳೂರು ದಾಟಿ ತಾಲ್ಲೂಕಿಗೆ ಬರೋದು ಅಷ್ಟು ಸುಲಭವಲ್ಲ.